ನೀಲಿ ಹೂವಿನ ಬಯಲಿಂದ ಇಳಿದ ಮಂದೆ

"ಗುಡುಗು ಶುರುವಾಗೋದ್ರೊಳಗೆ ದನಗಳನ್ನ ಇಳಿಸ್ಕೊಂಡು ಬನ್ನಿ. ಆದ್ರೆ ಓಡಿಸೋ ಹಾಗಿಲ್ಲ, ಬೆದರಿಸೋ ಹಾಗಿಲ್ಲ," ಎಂದ ಕ್ನೂಟ್. ಕುದುರೆಯಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ ಮುದುಕನಿಗೆ ತಾನೇ ಹೋಗಲಾಗದ ಸಿಟ್ಟು.

"ಹಾಗಾದ್ರೆ ಕೈ ಮುಗಿದು ಕರೀಲಾ?" ಎಂದ ಮಗ ಅರ್ವಿಡ್.

ಅಕ್ಕ ಸಿಗ್ನೆ ನಗಲಿಲ್ಲ. ಎಲ್ಕ್ ಜಿಂಕೆಗಳು ತಂತಿಬೇಲಿ ಕೆಡವಿದ್ದವು. ಮಂದೆಯೆಲ್ಲ ಮೇಲಿನ ಬಯಲಿಗೆ, ವಿಷದ ನೀಲಿ ಲಾರ್ಕ್‌ಸ್ಪರ್ ಹೂವಿನೊಳಕ್ಕೆ ನುಗ್ಗಿತ್ತು. ಅಜ್ಜನ ಕಾಲದಿಂದ ಆರಿಸಿ ಬೆಳೆಸಿದ ತಳಿ. ಅದು ಹೋದರೆ ಆ ಮನೆಗೆ ಉಳಿಯುವುದು ಬರೀ ಹುಲ್ಲು.

ಪೈನ್ ಮರಗಳ ನಡುವಿನ ಕಡಿದಾದ ದಾರಿಯಲ್ಲಿ ಕುದುರೆಗಳು ಏದುಸಿರು ಬಿಡುತ್ತ ಹತ್ತಿದವು. ಬಂಡೆಗಳ ನೆರಳಲ್ಲಿ ಹಳೆಯ ಹಿಮ ಇನ್ನೂ ಕರಗಿರಲಿಲ್ಲ. ಮರಗಳು ಮುಗಿದಲ್ಲಿ ಬಯಲು ತೆರೆಯಿತು. ಪ್ರಪಾತದ ಅಂಚಿನವರೆಗೂ ನೀಲಿಯೋ ನೀಲಿ. ಅಬ್ಬಾ, ಎಂಥ ಚೆಲುವು! ಹೂಗಳ ನಡುವೆ ಅಲ್ಲಲ್ಲಿ ಕಪ್ಪು ದನಗಳು ಹೊಟ್ಟೆ ಉಬ್ಬಿ ಸತ್ತುಬಿದ್ದಿದ್ದವು.

"ಅಯ್ಯೋ ದೇವರೇ," ಎಂದ ಅರ್ವಿಡ್. "ಎಷ್ಟೊಂದು ಹೋಗಿಬಿಟ್ಟಿವೆ!"

"ನಿಂತಿರೋದನ್ನ ನೋಡು."

ನಿಂತವೂ ನಡುಗುತ್ತಿದ್ದವು. ಆ ವಿಷ ತಿಂದ ದನವನ್ನು ಅದರ ಪಾಡಿಗೆ ಬಿಟ್ಟರೆ ಬದುಕೀತು. ಬೆದರಿದರೆ ಕಾಲು ಸೋತು ಬೀಳುತ್ತದೆ, ಉಸಿರುಗಟ್ಟುತ್ತದೆ. ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು. ಸಿಡಿಲು ಹೊಡೆದರೆ ಒಂದೂ ಉಳಿಯದು. ಅವಸರವೂ ಸಾವು, ತಡವೂ ಸಾವು.

ಕುದುರೆ ಕಟ್ಟಿ, ದೂರದಿಂದ ಬಳಸಿಕೊಂಡು ನಡೆದರು. ಮಂದೆ ನಿಧಾನಕ್ಕೆ ಕದಲಿತು.

ಅಷ್ಟರಲ್ಲಿ ಒಂದು ಹಸು ಪ್ರಪಾತದ ಕಡೆಗೆ ತಿರುಗಿತು. ಅರ್ವಿಡ್‌ಗೆ ಅಪ್ಪ ಹೇಳಿದ್ದು ಮರೆತುಹೋಯಿತು. ಹುಟ್ಟಿದಾಗಿನಿಂದ ದನ ಕಾಯ್ದವನು, ಬೆರಳು ತಾನಾಗಿ ಬಾಯಿಗೆ ಹೋಯಿತು. ಜೋರಾಗಿ ಸಿಳ್ಳೆ ಹಾಕಿದ.

ಮಂದೆ ಬೆಚ್ಚಿತು.

ಅಂಚಿನತ್ತ ಹೊರಟಿದ್ದ ಹಸು ನಿಂತಲ್ಲೇ ದಬ್ಬನೆ ಬಿತ್ತು. ಇನ್ನೊಂದು. ಮತ್ತೂ ಒಂದಷ್ಟು.

"ಎದೆಯೂರಿ ಕೂರ್ಸು! ತಲೆ ಏರಿನ ಕಡೆಗೆ!" ಸಿಗ್ನೆ ಪಿಸುಗುಟ್ಟುತ್ತಲೇ ಓಡಿದಳು. ಪಕ್ಕಕ್ಕೆ ಉರುಳಿದ್ದ ದನ ಎದೆಯೂರಿ ಕೂತರೆ ಉಸಿರಾಡೀತೆಂದು ಇಬ್ಬರೂ ಭುಜ ಕೊಟ್ಟು ನೂಕಿದರು. ಒಂದು ಹಸುವಿಗೆ ಉಸಿರು ಮರಳಿತು. ಮಿಕ್ಕವುಗಳ ಹತ್ತಿರ ಹೋಗುವುದರೊಳಗೆ ಅವುಗಳ ಕಣ್ಣುಗಳು ಕಲ್ಲಾಗಿದ್ದವು.

"ಅಕ್ಕಾ, ನಾನೇ ಕೊಂದೆ ಕಣೇ..."

"ಹೌದು, ನೀನೇ. ನಾಳೆ ಬೈತೀನಿ. ಈಗ ಮೆತ್ತಗೆ ನಡಿ." ಹಾಗೆಂದರೂ ಎಲ್ಲ ಮುಗಿಯಿತು ಎಂದೇ ಅವಳಿಗನಿಸಿತ್ತು.

ಮರಗಳ ಮರೆ ಸೇರುವಾಗ ಆಲಿಕಲ್ಲು ಸುರಿಯಿತು. ಮುಖಕ್ಕೆ ಬಡಿದರೂ ಕೂಗದೆ, ತುಟಿ ಕಚ್ಚಿಕೊಂಡು ಇಬ್ಬರೂ ಇಳಿದರು. ಗುಡುಗು ಬೆಟ್ಟದಾಚೆಗೇ ಸರಿದುಹೋಯಿತು, ಅದೊಂದೇ ಪುಣ್ಯ.

ಕ್ನೂಟ್ ಗೇಟು ತೆರೆದು ಊರುಗೋಲಿನ ಮೇಲೆ ನಿಂತಿದ್ದ. ಕೊನೆಯ ಹಸು ಒಳಗೆ ಬಂದರೂ ದಾರಿಯನ್ನೇ ನೋಡುತ್ತಿದ್ದ.

"ಮಿಕ್ಕವು ಹಿಂದೆ ಬರ್ತಾವಾ?"

"ಇಲ್ಲಪ್ಪಾ. ಇಷ್ಟೇ," ಎಂದಳು ಸಿಗ್ನೆ.

ಮುದುಕ ಗೇಟು ಹಾಕಲು ಬಹಳ ಹೊತ್ತು ತೆಗೆದುಕೊಂಡ. "ಇಷ್ಟಾದ್ರೂ ತಂದ್ರಲ್ಲ. ತಳಿ ಉಳೀತು, ಬಿಡು."

ಅರ್ವಿಡ್ ಬೇಲಿಗೊರಗಿ ಕುಸಿದ. ದನಗಳು ಇನ್ನೂ ನಡುಗುತ್ತಿದ್ದವು, ಸದ್ದು ಮಾಡುವಂತಿರಲಿಲ್ಲ. ಅಂಗಿಯ ತೋಳು ಬಾಯಿಗೆ ತುರುಕಿಕೊಂಡು ಅತ್ತ. ಸಿಗ್ನೆ ಪಕ್ಕದಲ್ಲಿ ಕೂತು, ಅವನ ಬೆನ್ನ ಮೇಲೆ ಕೈಯಿಟ್ಟಳು.