ನೀರುನಾಯಿ ಮೀನು ತಿಂದ ಸದ್ದು

ತಂತಿಯ ಸುರುಳಿಯನ್ನು ಇನ್‌ಸ್ಪೆಕ್ಟರ್ ಮೇಡಂ ಮುಖದ ಹತ್ತಿರ ತಂದಾಗ, ಮೂಸುತ್ತಾರೇನೋ ಎಂದು ಉದ್ದಣ್ಣನಿಗೆ ಗಾಬರಿಯಾಯಿತು. ಚೌಕಟ್ಟಿಗೆ ತಲೆ ಬಡಿದುಕೊಳ್ಳದೆ ಯಾವ ಬಾಗಿಲನ್ನೂ ದಾಟಲಾರದ ಕಾನ್‌ಸ್ಟೆಬಲ್ ಅವನು. ಅವನ ನಿಜವಾದ ಹೆಸರು ಠಾಣೆಯಲ್ಲಿ ಯಾರಿಗೂ ನೆನಪಿರಲಿಲ್ಲ.

“ಪಂಚನಾಮೆಯಲ್ಲಿ ಇದನ್ನೂ ಬರ್ಕೊ,” ಎಂದರು ಮೇಡಂ.

“ಕಳ್ಳ ಬಿಟ್ಟುಹೋದ ವೈರು ಅಂತಲಾ?”

“ಕಳ್ಳ ಸುತ್ತಿಟ್ಟು ಹೋದ ವೈರು ಅಂತ.”

ದೂರು ಬಂದದ್ದು ಅಂದು ಬೆಳಿಗ್ಗೆ, ಠಾಣೆಯ ಕಸ ಗುಡಿಸುತ್ತಿದ್ದಾಗ. ದೂರುದಾರರು ವನ್ಯಜೀವಿಗಳ ಸಾಕ್ಷ್ಯಚಿತ್ರ ತೆಗೆಯುವವರು. ಮೊದಲು ಮದುವೆಗಳಲ್ಲಿ ಫೋಟೊ ತೆಗೆಯುತ್ತಿದ್ದರಂತೆ. ಮದುಮಕ್ಕಳನ್ನು ಬಿಟ್ಟು ಗೋಡೆಯ ಹಲ್ಲಿಯತ್ತ ಕ್ಯಾಮೆರಾ ತಿರುಗಿಸಿದ್ದಕ್ಕೆ ಆ ಕೆಲಸ ಹೋಗಿ, ಕಾಡು ಸೇರಿ ಮೂವತ್ತು ವರ್ಷವಾಗಿತ್ತು. ನದಿದಂಡೆಯ ಗುಡಾರದಲ್ಲಿ ಕಾದು ಕೂತು ತೆಗೆದ ನೀರುನಾಯಿಗಳ ಚಿತ್ರ ಮರುದಿನ ಸಂಜೆ ಊರಿನ ದೊಡ್ಡ ಚಿತ್ರಮಂದಿರದಲ್ಲಿ ತೆರೆ ಕಾಣಬೇಕಿತ್ತು. ಮೊಣಕಾಲು ರಾಜೀನಾಮೆ ಕೊಟ್ಟಿರುವುದರಿಂದ ಇದೇ ಅವರ ಕೊನೆಯ ಚಿತ್ರ. ಈಗ ನೋಡಿದರೆ, ಚಿತ್ರದ ಸದ್ದೆಲ್ಲ ಇದ್ದ ಡಿಸ್ಕ್ ಮಾಯ. ಎಫ್‌ಐಆರ್ ದಾಖಲಾಯಿತು.

ಡಿಸ್ಕ್ ಇಟ್ಟಿದ್ದ ಎಡಿಟಿಂಗ್ ಕೋಣೆಯ ಬೀಗ ಒಡೆದಿರಲಿಲ್ಲ. ಒಂದು ಮನೆಯಷ್ಟು ಬೆಲೆಬಾಳುವ ಕ್ಯಾಮೆರಾಗಳು ಕಪಾಟಿನಲ್ಲಿ ಹಾಗೇ ಇದ್ದವು. ಚಿತ್ರವಿದ್ದ ಡಿಸ್ಕ್ ಕೂಡ ಮೇಜಿನ ಮೇಲೇ ಇತ್ತು. ಮಾಯವಾದ ಡಿಸ್ಕಿನ ಜಾಗದಲ್ಲಿ ಅದಕ್ಕೆ ಜೋಡಿಸಿದ್ದ ಉದ್ದನೆಯ ವೈರು ಮಾತ್ರ ಸುತ್ತಿಟ್ಟಿತ್ತು.

“ಚಿತ್ರ ಬಿಟ್ಟು ಬರೀ ಸದ್ದು ಕದಿಯೋನು ಎಂಥ ಕಳ್ಳ?” ಎಂದ ಉದ್ದಣ್ಣ. “ಹಣ್ಣು ಬಿಟ್ಟು ಸಿಪ್ಪೆ ತಿಂದ ಹಾಗಾಯ್ತು.”

“ಬೀಗದ ಕೈ ಯಾರ್ಯಾರ ಹತ್ರ ಇದೆ?” ಎಂದು ಮೇಡಂ ಕೇಳಿದರು.

“ನನ್ನ ಹತ್ರ, ಎಡಿಟರ್ ಹತ್ರ. ಆಮೇಲೆ ನನ್ನ ಭಾಮೈದ. ಸದ್ದು ಮಾಡೋನು ಅವನೇ,” ಎಂದರು ದೂರುದಾರರು.

“ಸದ್ದು ಮಾಡೋದು ಅಂದ್ರೆ?”

ಉತ್ತರ ಕೊಟ್ಟದ್ದು ಅವರ ಹೆಂಡತಿ. “ಇವರು ಪ್ರಾಣಿ ತೆಗೆಯೋದು ಆಚೆ ದಡದಿಂದ, ಮೇಡಂ. ಅಷ್ಟು ದೂರಕ್ಕೆ ಕೇಳಿಸೋದು ಇವರದೇ ಕೆಮ್ಮು. ಅದಕ್ಕೆ ನನ್ನ ತಮ್ಮ ಕೋಣೆಯಲ್ಲಿ ಕೂತು ಸದ್ದು ಹುಟ್ಟಿಸ್ತಾನೆ. ಆನೆ ಮೇಯೋದು ಎಲೆಕೋಸಿನಲ್ಲಿ, ಹಾವು ಹರಿಯೋದು ನನ್ನ ರೇಷ್ಮೆ ಸೀರೆಯಲ್ಲಿ.”

ದೂರುದಾರರು ಕಿಟಕಿಯ ಕಡೆ ನೋಡಿದರು.

ಮಧ್ಯಾಹ್ನ ಮೂವರನ್ನೂ ಠಾಣೆಗೆ ಕರೆಸಲಾಯಿತು. ಮೇಡಂ ಕೋಣೆಯ ಮೂಲೆಯಲ್ಲಿ ಧ್ವನಿವರ್ಧಕದ ಉದ್ದನೆಯ ವೈರು ಸಿಕ್ಕುಸಿಕ್ಕಾಗಿ ಬಿದ್ದಿತ್ತು. ಒಬ್ಬೊಬ್ಬರನ್ನೇ ಒಳಗೆ ಕರೆದು, “ಇದನ್ನ ಸ್ವಲ್ಪ ಸುತ್ತುತ್ತಾ ಮಾತಾಡಿ, ನಮ್ಮ ಉದ್ದಣ್ಣನಿಗೆ ಬರಲ್ಲ,” ಎಂದು ಕೈಗೆ ಕೊಟ್ಟರು. ದೂರುದಾರರು ಅದನ್ನು ಮುದ್ದೆ ಮಾಡಿ ಮೇಜಿನ ಕೆಳಗೆ ತಳ್ಳಿದರು. ಎಡಿಟರ್ ಅಂಗೈಗೂ ಮೊಣಕೈಗೂ ನಡುವೆ ಬಟ್ಟೆ ಒಣಹಾಕುವ ಹಗ್ಗದಂತೆ ಸುತ್ತಿದ.

ಭಾಮೈದ ಬಂದ. ಮೃದು ಚಪ್ಪಲಿ, ಇನ್ನೂ ಮೃದುವಾದ ದನಿ.

“ನಿನ್ನೆ ಸಂಜೆ ಎಲ್ಲಿದ್ರಿ?”

“ಮನೇಲಿ.”

“ಜೊತೆಗೆ ಯಾರಿದ್ರು?”

“ಯಾರೂ ಇಲ್ಲ. ಮಾತಾಡೋರಿದ್ರೆ ನನಗೆ ಕೆಲಸ ಆಗಲ್ಲ.”

ಬಾಯಿ ಉತ್ತರ ಕೊಡುತ್ತಿದ್ದರೆ ಕೈ ತನ್ನ ಪಾಡಿಗೆ ತಾನು ನಡೆದಿತ್ತು: ಒಂದು ಸುತ್ತು ಮೇಲಿನಿಂದ, ಇನ್ನೊಂದು ಸುತ್ತು ಒಳಗಿನಿಂದ, ಮತ್ತೆ ಮೇಲಿನಿಂದ. ಹೀಗೆ ಸುತ್ತಿದ ವೈರು ಎಸೆದರೂ ಸಿಕ್ಕಾಗದು. ಕೊನೆಗೆ ಅದರದೇ ತುದಿಯಿಂದ ಪುಟ್ಟ ಗಂಟು. ಮೇಡಂ ಡ್ರಾಯರಿನಿಂದ ಬೆಳಗಿನ ಸುರುಳಿಯನ್ನು ತೆಗೆದು ಪಕ್ಕದಲ್ಲಿಟ್ಟರು. ಅವಳಿ ಜವಳಿ.

ಭಾಮೈದ ಎರಡನ್ನೂ ನೋಡಿದ. “ವೈರು ಹರಡಿ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ, ಮೇಡಂ,” ಎಂದ.

ನೆರೆಯ ಇಬ್ಬರನ್ನು ಪಂಚರಾಗಿ ಕರೆದು ಅವನ ಮನೆಯನ್ನು ಶೋಧಿಸಲಾಯಿತು. ಬಚ್ಚಲಿನಲ್ಲಿ ನೀರು ತುಂಬಿದ ದೊಡ್ಡ ಟಬ್ಬು, ನೆನೆದ ತೊಗಲಿನ ಕೈಗವಸು, ಮುರಿದ ಒಣಕಡ್ಡಿ, ದಾರಕ್ಕೆ ತೂಗುಬಿಟ್ಟ ಮೈಕು. ಸೋಪಿನ ಗೂಡಿನಲ್ಲಿ ಟವೆಲು ಹೊದ್ದುಕೊಂಡು ಡಿಸ್ಕ್ ಮಲಗಿತ್ತು.

“ಈ ಕಚ್ಚಿದ ಸೌತೆಕಾಯಿನೂ ಜಪ್ತಿ ಮಾಡ್ಲಾ ಮೇಡಂ?” ಎಂದ ಉದ್ದಣ್ಣ.

“ಅದನ್ನ ತಿಂದು ಮುಗಿಸು.”

ಬಂಧನದ ನಂತರ ಭಾಮೈದ ಹೇಳಿಕೆ ಕೊಟ್ಟ. ಇಷ್ಟು ವರ್ಷದಲ್ಲಿ ಅವನು ಕಾಡಿಗೆ ಕಾಲಿಟ್ಟವನೇ ಅಲ್ಲ. ಜಿಗಣೆ ಎಂದರೆ ಪ್ರಾಣಭಯ. ಹೋದ ವಾರ ಭಾವ ಮರೆತು ಬಂದ ಕ್ಯಾಮೆರಾ ಸ್ಟ್ಯಾಂಡ್ ತರಲು, ಪ್ಯಾಂಟನ್ನು ಕಾಲ್ಚೀಲದೊಳಗೆ ತುರುಕಿಕೊಂಡು ಮೊದಲ ಸಲ ನದಿಗೆ ಹೋಗಿದ್ದ. ಕಲ್ಲಿನ ಮೇಲೆ, ಕೈಗೆಟುಕುವಷ್ಟು ಹತ್ತಿರ, ತಾಯಿ ನೀರುನಾಯಿಯೊಂದು ಮೀನು ತಿನ್ನುತ್ತಿತ್ತು.

“ಚಿತ್ರದಲ್ಲಿ ಮೀನು ತಿನ್ನೋ ಸದ್ದಿಗೆ ನಾನು ಸೌತೆಕಾಯಿ ಕಚ್ಚಿದ್ದೆ, ಕರುಂ ಕರುಂ ಅಂತ. ಅದು ಹಾಗೆ ತಿನ್ನಲ್ಲ, ಮೇಡಂ. ಒಣಕಡ್ಡಿ ಮುರಿದ ಹಾಗೆ ಮುಳ್ಳು ಮುರಿಯುತ್ತೆ, ನಡುನಡುವೆ ಮೂಗಿನಲ್ಲೇ ಗೊಣಗುತ್ತೆ. ಮರಿಗಳಿಗೆ ಬೈಕೊಂಡೇ ತಿನ್ನುತ್ತೆ, ನಮ್ಮಕ್ಕನ ಥರ. ಎರಡು ದಿನ ಟೈಮ್ ಕೊಡಿ, ಸರಿ ಮಾಡ್ತೀನಿ ಅಂತ ಭಾವನ್ನ ಕೇಳಿದೆ. ಯಾರಿಗೆ ಗೊತ್ತಾಗುತ್ತೆ, ಬಿಡೋ, ಅಂದ್ರು.”

ಸಂಜೆ ಭಾವ ಠಾಣೆಗೆ ಬಂದರು. ಜಪ್ತಿಯಾದ ಡಿಸ್ಕಿನಿಂದ ಹೊಸ ಸದ್ದನ್ನು ಮೇಡಂ, ಭಾಮೈದನನ್ನೂ ಎದುರಿಗೆ ಕೂರಿಸಿಕೊಂಡು, ಅವರಿಗೆ ಕೇಳಿಸಿದರು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡವರು ಕಣ್ಣು ಮುಚ್ಚಿದರು. ತಾವು ವರ್ಷಗಟ್ಟಲೆ ನೋಡಿದ, ಒಂದು ದಿನವೂ ಕೇಳಿರದ ಪ್ರಾಣಿ ಅಲ್ಲಿ ಕೂತು ಊಟ ಮಾಡುತ್ತಿತ್ತು. ಅವರ ಮುಖ ಹಲ್ಲಿ ಕಂಡ ಆ ಹಳೆಯ ಫೋಟೊಗ್ರಾಫರನ ಮುಖವಾಯಿತು. ಅಷ್ಟರಲ್ಲಿ ಸದ್ದು ನಿಂತಿತು.

“ಆಮೇಲೆ?”

“ತಾಯಿ ಮರೀನ ಕರೆಯೋದು ಬಾಕಿ ಇದೆ, ಭಾವ. ಇನ್ನೂ ಒಂದು ದಿನದ ಕೆಲಸ.”

ಭಾವ ಗಡಿಯಾರ ನೋಡಿದರು. ಹಳೆಯ ಸದ್ದೂ ಅದೇ ಡಿಸ್ಕಿನಲ್ಲಿತ್ತು, ಆದರೆ ಪಾಸ್‌ವರ್ಡ್ ಹಾಕಿ ಮುಚ್ಚಿದವನು ಭಾಮೈದ.

“ನೀವಿಬ್ಬರೂ ರಾಜಿಗೆ ಒಪ್ಪಿ ಅರ್ಜಿ ಕೊಟ್ರೆ, ಬೆಳಿಗ್ಗೆ ಕೋರ್ಟಿನಿಂದ ಡಿಸ್ಕ್ ಬಿಡಿಸ್ಕೋಬಹುದು,” ಎಂದರು ಮೇಡಂ.

ಭಾವ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. “ನೋಡೋ, ಕಂಪ್ಲೇಂಟ್ ವಾಪಸ್ ತಗೋತೀನಿ. ನಾಳೆ ಮಟ್ಟಿಗೆ ಹಳೇದನ್ನೇ ಹಾಕೋಣ. ಇಷ್ಟು ವರ್ಷ ನಿನ್ನ ಹೆಸರು ಎಲ್ಲೂ ಹಾಕಿಲ್ಲ, ತಪ್ಪು ನಂದೇ. ಈಗ ಹಾಕಿಸ್ತೀನಿ. ನನ್ನ ಹೆಸರಿಗಿಂತ ಮೊದಲು, ಪರದೆ ತುಂಬ.”

ಉದ್ದಣ್ಣ ಪೆನ್ನು ಎತ್ತಿಹಿಡಿದು ಕಾದ. ಭಾಮೈದ ಮೇಜಿನ ಮೇಲಿದ್ದ ಹೆಡ್‌ಫೋನಿನ ವೈರನ್ನು ಮೇಲಿನಿಂದೊಂದು, ಒಳಗಿನಿಂದೊಂದು ಸುತ್ತಿ, ಗಂಟು ಹಾಕಿ, ಭಾವನ ಮುಂದಿಟ್ಟ.

“ಬೇಡ ಭಾವ. ಸೌತೆಕಾಯಿಗೆ ನನ್ನ ಹೆಸರು ಬೇಡ.”