ಡಿ ಡ್ರೈವಿನ ಹನ್ನೊಂದು ವರ್ಷ

"ಎರಡು ದಿನ ಆದ್ರೂ ಕೆಲಸ ಶುರು ಮಾಡಿಲ್ವಾ?" ಕಸೂತಿಯವಳ ದನಿ ಏರಿತು.

"ಕಾಪಿ ಆಗ್ತಿದೆ," ಎಂದ ಕಂಪ್ಯೂಟರ್ ರಿಪೇರಿಯವನು, ತಲೆ ಎತ್ತದೆ.

ಅವಳಿಗೆ ಮೈಯೆಲ್ಲ ಉರಿಯಿತು. ಸಿ ಡ್ರೈವ್ ತುಂಬಿತೆಂದು ತಾನೇ ಡಿಸ್ಕಿನ ಪಾಲುಗಳನ್ನು, ಅಂದರೆ ಪಾರ್ಟಿಷನ್, ಸರಿಪಡಿಸಲು ಹೋಗಿ, ಡಿ ಡ್ರೈವನ್ನೇ ಅಳಿಸಿ ಕೂತಿದ್ದಳು. ಅದರಲ್ಲಿದ್ದದ್ದು ಹನ್ನೊಂದು ವರ್ಷ ಕೂತು ಬಿಡಿಸಿದ ಕಸೂತಿ ವಿನ್ಯಾಸಗಳು, ಬೇರೆಲ್ಲೂ ಪ್ರತಿಯಿಲ್ಲ. ಈ ಮಹಾನುಭಾವ ನೋಡಿದರೆ ಹಾಯಾಗಿದ್ದಾನೆ!

"ಅವನು ಹಾಗೇ ಕಣಮ್ಮ, ಅರ್ಧ ಉತ್ತರ ಕೊಡ್ತಾನೆ. ಮಿಕ್ಕರ್ಧ ನಾನು ಕೊಡ್ಬೇಕು," ಕೌಂಟರಿನಲ್ಲಿದ್ದ ಅವನ ಅಕ್ಕ ನಕ್ಕಳು. "ಮೊದಲು ಡಿಸ್ಕಿನ ಪೂರ್ತಿ ನಕಲು ತೆಗೆದು, ಆ ನಕಲಿನಲ್ಲೇ ಹುಡುಕ್ತಾನೆ. ಅವನ ಕೈ ತಪ್ಪಿದ್ರೂ ನಿನ್ನದು ಹಾಗೇ ಇರುತ್ತೆ."

ಸಿಟ್ಟು ಸರ್ರನೆ ಇಳಿಯಿತು. ರೇಷ್ಮೆಗೆ ಸೂಜಿ ಹಾಕುವ ಮುನ್ನ ತುಂಡು ಬಟ್ಟೆಯ ಮೇಲೆ ಹೊಲಿದು ನೋಡುವವಳು ಅವಳು. ಮೊದಲ ಸಲ ಅವನ ಕೈಗಳನ್ನು ಗಮನಿಸಿದಳು. ಎಷ್ಟು ನಿಧಾನ, ಎಷ್ಟು ನಾಜೂಕು!

ಮರುದಿನ ಅವನೇ ಫೋನ್ ಮಾಡಿ ಕರೆಸಿದ.

"ಫೈಲ್‌ಗಳು ಎಲ್ಲೂ ಹೋಗಿರ್ಲಿಲ್ಲ. ಡಿ ಡ್ರೈವ್ ಎಲ್ಲಿಂದ ಎಲ್ಲಿವರೆಗೆ ಅನ್ನೋ ಗುರುತು ಅಳಿಸಿತ್ತು, ಅಷ್ಟೆ. ಆಮೇಲೆ ನೀವು ಏನೂ ಒತ್ತದೆ ಆಫ್ ಮಾಡಿದ್ರಲ್ಲ, ಜಾಣತನ."

"ಜಾಣತನ ಅಲ್ಲ ರೀ, ಹೆದರಿಕೆ!"

ಅವನ ತುಟಿಯಂಚಿನಲ್ಲಿ ನಗೆ ಇಣುಕಿತು. "ಹೊಸ ಡಿಸ್ಕಿಗೂ ಹಾಕಿದೀನಿ, ಇನ್ನೊಂದು ಪ್ರತಿನೂ ಇಟ್ಟಿದೀನಿ. ನೀವೇ ತೆಗೆದು ನೋಡಿ. ನಿಮ್ಮ ಕೆಲಸ ಅಂತ ನಾನು ಒಂದನ್ನೂ ತೆರೆದು ನೋಡಿಲ್ಲ."

ಮೊದಲ ಫೈಲು ತೆರೆಯಿತು. ಅವಳು ಬಿಡಿಸಿದ ಮೊಟ್ಟಮೊದಲ ಬಾತುಕೋಳಿ, ಅದೇ ಸೊಟ್ಟ ಕತ್ತು. ಕಣ್ಣು ತುಂಬಿ ಬಂತು. ತಿರುಗಿದರೆ ಅವನು ಪರದೆಯನ್ನಲ್ಲ, ಅವಳನ್ನು ನೋಡುತ್ತಿದ್ದ. ಸಿಕ್ಕಿಬಿದ್ದು ಅವನ ಕಿವಿಯೆಲ್ಲ ಕೆಂಪು.

"ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡಿ ಖಾಲಿ ಮಾಡ್ಕೊಡ್ತೀನಿ," ಎಂದ ಗಡಿಬಿಡಿಯಲ್ಲಿ. "ಕ್ವಿಕ್ ಆದ್ರೆ ಒಂದು ನಿಮಿಷ. ಫುಲ್ ಆದ್ರೆ ನಾಲ್ಕು ಗಂಟೆ. ನಿಮಗೆ ಕ್ವಿಕ್ ಸಾಕು."

"ಫುಲ್ ಮಾಡಿ."

"ಸುಮ್ನೆ ಕಾಯ್ಬೇಕಾಗುತ್ತೆ ರೀ."

"ಕಾಯ್ತೀನಿ. ನೀವು ಕೆಲಸ ಮಾಡೋದು ನೋಡೋಕೆ ಇಷ್ಟ ನಂಗೆ." ಧೈರ್ಯ ಮಾಡಿ ಅಂದೇಬಿಟ್ಟಳು. "ನೀವೂ ಇಷ್ಟ."

ಮೌಸಿನ ಮೇಲೆ ಅವನ ಬೆರಳು ನಿಂತಿತು. ಆಮೇಲೆ, ಕ್ವಿಕ್ ಎಂಬುದರ ಪಕ್ಕದ ಟಿಕ್ಕನ್ನು ಮೆಲ್ಲನೆ ತೆಗೆದ.

"ಅಕ್ಕಾ, ಊಟಕ್ಕೆ ನನ್ನ ಕಾಯ್ಬೇಡ!"

"ಗೊತ್ತಾಯ್ತು ಬಿಡೋ, ಇಬ್ಬರಿಗೂ ಇಲ್ಲಿಗೇ ಕಳಿಸ್ತೀನಿ!"

ಅವನು ಇನ್ನೊಂದು ಸ್ಟೂಲನ್ನು ತನ್ನ ಪಕ್ಕಕ್ಕೆ ಎಳೆದುಕೊಂಡ.