ಅರ್ಧ ನಿಮಿಷದ ಗುರುವಾರ

ಟೆರೇಸಿನ ಮೋಟುಗೋಡೆಯ ಮೇಲೆ, ಎರಡು ಇಟ್ಟಿಗೆಗಳ ನಡುವೆ ಒಂದು ಫೋನ್ ನಿಂತಿತ್ತು. ಬಟ್ಟೆ ಒಣಹಾಕಲು ಬಂದ ದಾನೇಶ್ವರಿ ಸುತ್ತ ನೋಡಿದಳು. ಯಾರೂ ಇಲ್ಲ. ಯಾರೋ ಮರೆತು ಹೋಗಿದ್ದಾರೆ, ಕೋತಿ ಎತ್ತಿಕೊಂಡು ಹೋದರೆ ಪಾಪ ಎಂದುಕೊಂಡು ಅದನ್ನು ತೆಗೆದು, ಕೆಳಗೆ ಮನೆ ಓನರ್ ಲಕ್ಷ್ಮಮ್ಮನ ಕೈಗೆ ಕೊಟ್ಟು ಕೆಲಸಕ್ಕೆ ಹೊರಟುಹೋದಳು.

ಮರುದಿನ ಭಾನುವಾರ. ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಮೇಲಿನ ರೂಮಿಗೆ ಹೊಸದಾಗಿ ಬಂದಿದ್ದ ಬಸಲಿಂಗ ನಿಂತಿದ್ದ.

"ನಿನ್ನೆ ನನ್ನ ಫೋನ್ ತಗದವ್ರು ನೀವೇನ್ರಿ?"

"ಹೌದ್ರಿ. ಯಾರರ ಒಯ್ದಾರು ಅಂತ ಕೆಳಗ ಕೊಟ್ಟೆ. ತಪ್ಪಾತೇನ್ರಿ?"

ಅವಳ ಮಾತು ಕೇಳಿದ್ದೇ ಅವನ ಮುಖ ಅರಳಿತು. "ಎಲ್ಲಿಯವ್ರು? ಲಿಂಗಸೂಗೂರಾ? ನಮ್ದು ಶಹಾಪುರ ಕಡೆ! ತಪ್ಪೇನಿಲ್ರಿ. ಇದನ್ನೊಂದು ನೋಡ್ರಿ."

ಫೋನಿನಲ್ಲಿ ತುಮಕೂರು ರಸ್ತೆ ಇತ್ತು. ಮೋಡಗಳು ಹಿಂಡು ಹಿಂಡಾಗಿ ಓಡಿದವು. ಫ್ಲೈಓವರಿನ ಲಾರಿಗಳು ಇರುವೆಗಳಂತೆ ಹರಿದವು. ಬಿಸಿಲು ಒಂದೊಂದೇ ಶೆಡ್ಡಿನ ತಗಡನ್ನು ಬೆಳಗುತ್ತ ಬಂತು. ಆಮೇಲೆ ಇದ್ದಕ್ಕಿದ್ದಂತೆ ಆಕಾಶ ಗಿರ್ರನೆ ತಿರುಗಿ, ಪರದೆಯ ತುಂಬ ಅವಳದೇ ಮುಖ, ಹುಬ್ಬು ಗಂಟಿಕ್ಕಿಕೊಂಡು. ಅಲ್ಲಿಗೆ ಮುಗಿಯಿತು.

ದಾನೇಶ್ವರಿ ನಾಚಿಕೆಯಿಂದ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಇದೇನಿದು?"

"ಟೈಮ್‌ಲ್ಯಾಪ್ಸ್ ಅಂತಾರ. ಐದು ತಾಸು ಇಟ್ರ ಅರ್ಧ ನಿಮಿಷ ಆಗ್ತೈತಿ. ನಾನು ಪೀಣ್ಯದಾಗ ಮಷೀನ್ ಆಪರೇಟರ್. ಶೆಡ್ಡಿಗೆ ಒಂದು ಕಿಟಕಿ ಇಲ್ಲ, ಒಳಗ ಫೋನ್ ಬಿಡಂಗಿಲ್ಲ. ಅದಕ್ಕ ಇಲ್ಲೇ ಇಟ್ಟು ಹೋಗ್ತೀನಿ. ನನ್ನ ಬದಲಿ ಅದಾ ಆಕಾಶ ನೋಡ್ತೈತಿ."

ಆ ಕೊನೆಯ ಮಾತಿಗೆ ದಾನೇಶ್ವರಿ ನಗು ನಿಲ್ಲಿಸಿ ಅವನನ್ನು ನೋಡಿದಳು. ಅವನ ಕಣ್ಣು ಒಂದು ಕ್ಷಣ ಅವಳ ಕಣ್ಣಲ್ಲಿ ನಿಂತು, ಕೊರಳಿನ ಕರಿಮಣಿ ಸರಕ್ಕೆ ಇಳಿದು, ಅಲ್ಲಿಂದ ನೆಲಕ್ಕೆ ಹೋಯಿತು.

"ಯಜಮಾನ್ರು?"

"ಮುಂಬೈದಾಗ ಅದಾರ."

ಎಲ್ಲರಿಗೂ ಹಾಗೆಯೇ ಹೇಳಿದ್ದಳು. ಮೂರು ವರ್ಷದ ಹಿಂದೆ ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದ ದಿನವೇ ಇವಳು ಹೊರಗೆ ಬಂದಿದ್ದಳು. ಆಮೇಲೆ ಕೋರ್ಟಿನ ಕಾಗದವೂ ಬಂತು. ಆದರೆ ಈ ಮಾದನಾಯಕನಹಳ್ಳಿಯಲ್ಲಿ ಒಂಟಿ ಹೆಂಗಸು ಎಂದ ಕೂಡಲೇ ನಾಲ್ಕು ಮನೆಯವರು ಬಾಗಿಲು ಹಾಕಿದ್ದರು. ಐದನೆಯ ಮನೆಗೆ ಬರುವಾಗ ಪೆಟ್ಟಿಗೆಯಲ್ಲಿದ್ದ ಕರಿಮಣಿಯನ್ನು ಮತ್ತೆ ಹಾಕಿಕೊಂಡಿದ್ದಳು.

ಅವಳದು ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ, ಮಧ್ಯಾಹ್ನದ ಶಿಫ್ಟು. ಅವನದು ಬೆಳಗಿನದು. ಹಾಗಾಗಿ ಫೋನ್ ಕಾಯುವ ಕೆಲಸ ತಾನಾಗಿಯೇ ಅವಳ ಪಾಲಿಗೆ ಬಂತು. ಅವನು ಏರೋಪ್ಲೇನ್ ಮೋಡ್‌ಗೆ ಹಾಕಿ, ಪವರ್ ಬ್ಯಾಂಕ್ ಸಿಕ್ಕಿಸಿ ಇಟ್ಟು ಹೋಗುವನು. ಅವಳು ಕಾಗೆ ಓಡಿಸುವಳು, ಹನಿ ಬಿದ್ದರೆ ಕೊಡೆ ಹಿಡಿಯುವಳು, ಒಂದು ಗಂಟೆಗೆ ತೆಗೆದು ಲಕ್ಷ್ಮಮ್ಮನಿಗೆ ಕೊಡುವಳು.

ಭಾನುವಾರ ಇಬ್ಬರೂ ಮೆಟ್ಟಿಲ ಮೇಲೆ ಕೂತು ವಾರದ ಆಕಾಶಗಳನ್ನೆಲ್ಲ ನೋಡುತ್ತಿದ್ದರು. ನಡುವೆ ಒಂದು ಮೆಟ್ಟಿಲಿನ ಅಂತರ.

"ಇಲ್ಲಿ ಯಾಕ ನಡುಗೇತಿ?" ಎಂದು ಅವನು ಕೇಳುವನು.

"ಗಾಳಿ."

"ಗಾಳಿ ಅಲ್ಲ. ಯಾರೋ ಫೋನ್ ಮುಂದ ನಿಂತು ತಲಿ ಬಾಚ್ಕೊಂಡಾರ. ನೋಡ್ರಿ, ಹೆರಳು ಕಾಣಾಕತ್ತೈತಿ."

"ಹಂಗಾದ್ರ ನಾಳೆಯಿಂದ ನೀವಾ ಕಾಯ್ರಿ!" ಎಂದು ಅವಳು ಮುಖ ತಿರುಗಿಸುವಳು. ತಿರುಗಿಸಿದ ಮೇಲೂ ಅವನು ನೋಡುತ್ತಿರುವುದು ಕಿವಿಯ ಹಿಂದೆ ಬೆಚ್ಚಗೆ ತಿಳಿಯುತ್ತಿತ್ತು. ಆದರೆ ಪ್ರತಿಸಲವೂ ಅವನೇ ಮೊದಲು ಎದ್ದುಬಿಡುತ್ತಿದ್ದ. ಕರಿಮಣಿಯ ಮರ್ಯಾದೆಗೆ. ಆ ಮರ್ಯಾದೆ ಅವಳಿಗೆ ಇಷ್ಟವಾಗುತ್ತಿತ್ತು, ಅದರ ಮೇಲೆ ಅಷ್ಟೇ ಸಿಟ್ಟೂ ಬರುತ್ತಿತ್ತು.

ಒಂದು ಗುರುವಾರ ಇಟ್ಟಿಗೆಗಳ ನಡುವೆ ಫೋನ್ ಇರಲಿಲ್ಲ. ಇವತ್ತು ಇಟ್ಟಿಲ್ಲ ಎಂದುಕೊಂಡು ದಾನೇಶ್ವರಿ ಬಟ್ಟೆ ಒಗೆದಳು, ತಲೆಗೆ ಎಣ್ಣೆ ಹಚ್ಚಿಕೊಂಡಳು, ಬಿಸಿಲು ಕಾಯಿಸುತ್ತ ಕೂತಳು.

ಮುಂದಿನ ಭಾನುವಾರ ಬಸಲಿಂಗ ಮೆಟ್ಟಿಲ ಮೇಲೆ ಕೂರಲಿಲ್ಲ. ಫೋನನ್ನು ಅವಳ ಕೈಗಿಟ್ಟ.

"ಗುರುವಾರ ನೀರಿನ ಟ್ಯಾಂಕಿನ ಮ್ಯಾಲ ಇಟ್ಟಿದ್ದೆ. ನೆರಳು ಸರಿಯೋದು ಬರ್ಲಿ ಅಂತ. ನಿಮಗ ಹೇಳೋದು ಮರೆತೆ, ತಪ್ಪು ನಂದಾ. ನಾನಲ್ಲದ ಯಾರೂ ನೋಡಿಲ್ರಿ. ನೀವಾ ಅಳಿಸಿಬಿಡ್ರಿ." ಗೋಡೆಯ ಕಡೆ ಮುಖ ಮಾಡಿ ನಿಂತ.

ಅವಳು ನೋಡಿದಳು. ಟೆರೇಸಿನ ಮೇಲೆ ನೆರಳು ಸರಿಯುತ್ತಿತ್ತು. ಪುಟ್ಟ ದಾನೇಶ್ವರಿ ಪುಟುಪುಟು ಬಂದು, ಕೊರಳಿನ ಸರ ತೆಗೆದು ಬಟ್ಟೆಯ ಹಗ್ಗಕ್ಕೆ ನೇತುಹಾಕಿದಳು. ಲಕ್ಷ್ಮಮ್ಮ ಮೆಣಸಿನಕಾಯಿ ಹರವಲು ಬಂದರು, ಸರ ಕೊರಳಿಗೆ ಹೋಯಿತು. ಲಕ್ಷ್ಮಮ್ಮ ಇಳಿದರು, ಸರ ಹಗ್ಗಕ್ಕೆ ಬಂತು. ಪಕ್ಕದ ಮನೆಯಾಕೆ ಬಂದಳು, ಕೊರಳಿಗೆ. ಹೋದಳು, ಹಗ್ಗಕ್ಕೆ. ಹಾಕು, ತೆಗೆ, ಹಾಕು, ತೆಗೆ. ಈ ಮನೆಗೆ ಬಂದಾಗಿನಿಂದ ತಾನು ಮಾಡುತ್ತಿದ್ದುದು ಇಷ್ಟು ಸ್ಪಷ್ಟವಾಗಿ ಅವಳಿಗೇ ಕಂಡಿರಲಿಲ್ಲ. ಮೊದಲು ನಗು ಬಂತು. ಆಮೇಲೆ ಪರದೆ ಮಂಜಾಯಿತು.

"ಕೇಳಂಗಿಲ್ಲೇನ್ರಿ ಏನಂತ?"

"ನೀವು ಹೇಳಿದ್ರ ಕೇಳ್ತೀನಿ. ಇಲ್ಲಂದ್ರ ಇಲ್ಲ."

ಅವಳು ಹೇಳಿದಳು. ಮುಂಬೈ ಇಲ್ಲ, ಗಂಡ ಇಲ್ಲ, ನಾಲ್ಕು ಮನೆ, ಐದನೆಯ ಮನೆ. ಅವನು ಗೋಡೆ ನೋಡುತ್ತಲೇ ಕೇಳಿದ. ಮುಗಿದ ಮೇಲೆ ನಿಧಾನವಾಗಿ ಇತ್ತ ತಿರುಗಿದ.

"ಇಷ್ಟು ದಿನ ನಾನು ಮೊದಲು ಎದ್ದು ಹೋಗ್ತಿದ್ನಲ್ರಿ, ಕುಂದ್ರಾಕ ಮನಸಿಲ್ಲಂತ ಅಲ್ಲ. ಎದ್ದು ಹೋಗಾಕ ಎಷ್ಟು ಕಷ್ಟ ಆಗ್ತಿತ್ತು ಅನ್ನೋದು ನನಗೊಬ್ಬನಿಗಾ ಗೊತ್ತು."

ಅವಳು ತಲೆ ಅಲ್ಲಾಡಿಸಿದಳು. "ಈಗ ಏನೂ ಅನಬ್ಯಾಡ್ರಿ. ಮೊದಲು ಲಕ್ಷ್ಮಮ್ಮಗ ನಾನಾ ಹೇಳ್ಬೇಕು. ಬೇರೆ ಯಾರರ ಹೇಳೋದಕ್ಕಿಂತ ಮುಂಚೆ."

"ರೂಮು ಬಿಡಿಸಿದ್ರ?"

"ಬಿಡಿಸಿದ್ರ ಬಿಡಿಸ್ಲಿ."

ಅಂದು ಸಂಜೆಯೇ ಹೇಳಿದಳು. ಲಕ್ಷ್ಮಮ್ಮ ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು. "ಗೌರಿ ಹಬ್ಬಕ್ಕೆ ನಿನ್ ಗಂಡ ಚೆನ್ನಾಗಿರ್ಲಿ ಅಂತ ಅರಿಶಿನ ಕುಂಕುಮ ಕೊಟ್ನಲ್ಲೇ! ಆಗ್ಲೂ ಬಾಯಿ ಬಿಡ್ಲಿಲ್ವಲ್ಲ ನೀನು!" ಎಂದು ಎದ್ದು ಒಳಗೆ ಹೋದರು. ಎರಡು ದಿನ ಮಾತಿಲ್ಲ. ದಾನೇಶ್ವರಿ ಪೆಟ್ಟಿಗೆ ಕಟ್ಟಿಯೇ ಇಟ್ಟಿದ್ದಳು.

ಮೂರನೆಯ ದಿನ ಬಸ್ಸಾರಿನ ಪಾತ್ರೆ ಹಿಡಿದು ಲಕ್ಷ್ಮಮ್ಮ ಬಾಗಿಲಲ್ಲಿ ನಿಂತರು. ಕಟ್ಟಿದ ಪೆಟ್ಟಿಗೆ ನೋಡಿ ಗದರಿದರು. "ಅದ್ನ ಬಿಚ್ಚಮ್ಮೀ. ರೂಮು ನಿಂದೇ. ಗಂಡಿಲ್ಲ ಅಂದಿದ್ರೆ ನಾನೂ ಕೊಡ್ತಿರ್ಲಿಲ್ಲ ಕಣವ್ವ, ನಿಜ ಏಳ್ತೀನಿ. ನಿಂದೊಂದೇ ತಪ್ಪಲ್ಲ ಬಿಡು. ಆದ್ರೆ ಇನ್ಮೇಲೆ ನನ್ತಾವ ಸುಳ್ಳು ಏಳ್ಬೇಡ."

ಮುಂದಿನ ಭಾನುವಾರ ಅವಳು ಬರಿಗೊರಳಿನಲ್ಲಿ ಟೆರೇಸಿಗೆ ಹೋದಳು. ಬಸಲಿಂಗ ನೋಡಿದ, ಏನೋ ಹೇಳಲು ಹೋಗಿ ತೊದಲಿದ, ಕೊನೆಗೆ ಒಂದೇ ಉಸಿರಿಗೆ ಕೇಳಿಬಿಟ್ಟ: "ನನ್ನ ಲಗ್ನ ಆಗ್ತೀರೇನ್ರಿ?"

"ನಿಮ್ಮ ಅವ್ವಗ ಫೋನ್ ಹಚ್ಚಿ ಕೊಡ್ರಿ. ನನ್ನ ಕಥಿ ನಾನಾ ಹೇಳ್ತೀನಿ. ಆಕಿ ಏನಂತಾಳ ನೋಡಿ ಆಮ್ಯಾಲ ಹೇಳ್ತೀನಿ."

ಅವನು ಹಚ್ಚಿ ಕೊಟ್ಟ. ಶಹಾಪುರದ ಹತ್ತಿರದ ಹಳ್ಳಿಯಲ್ಲಿ ಮುದುಕವ್ವ ಫೋನೆತ್ತಿದಳು. ದಾನೇಶ್ವರಿ ಒಂದನ್ನೂ ಬಚ್ಚಿಡದೆ ಹೇಳಿದಳು. ಆ ಕಡೆಯಿಂದ ಕೋಳಿ ಕೂಗುವ ಸದ್ದು ಕೇಳುತ್ತಿತ್ತು. ಬಸಲಿಂಗನ ಹಣೆಯಲ್ಲಿ ಬೆವರಿತ್ತು.

"ಅಂವ ನಿನ್ನ ಹೊಡೀತಿದ್ದನೇನವಾ?"

ಇಷ್ಟು ವರ್ಷದಲ್ಲಿ ಇದನ್ನು ಯಾರೂ ಅವಳನ್ನು ಕೇಳಿರಲಿಲ್ಲ. ಹೂಂ ಎನ್ನುವಷ್ಟರಲ್ಲಿ ಅಳು ಬಂತು.

"ಅಳಬ್ಯಾಡ. ನನ್ನ ಮಗ ಕೈ ಎತ್ತಿದ್ರ ನನಗ ಹೇಳು, ಬಸ್ ಹತ್ತಿ ಬರ್ತೀನಿ. ಅಲ್ಲಿ ಜ್ವಾಳದ ಹಿಟ್ಟು ಚಲೋ ಸಿಗಂಗಿಲ್ಲಂತ. ಇಬ್ಬರಿಗೂ ಆಗೋವಷ್ಟು ಕಳಿಸ್ಲೇನು?"

ದಾನೇಶ್ವರಿ ಬಸಲಿಂಗನ ಕಡೆ ನೋಡಿದಳು. ಅವನು ಉಸಿರು ಬಿಗಿಹಿಡಿದು ನಿಂತಿದ್ದ. ಕಣ್ಣೊರೆಸಿಕೊಂಡು, ಅವನ ಮುಖದಿಂದ ದೃಷ್ಟಿ ತೆಗೆಯದೆ, ಫೋನಿಗೆ ಹೇಳಿದಳು:

"ಕಳಿಸ್ರಿ ಅತ್ತಿ."